ಅಪ್‌ಡೇಟ್ ಮುಗಿದರೂ ಓಡುತ್ತಲೇ ಇರುವ ಹಳೆಯ ಕೋಡ್

2014ರ ಏಪ್ರಿಲ್ 7ರಂದು ಓಪನ್‌ಎಸ್‌ಎಸ್‌ಎಲ್ ಲೈಬ್ರರಿಯಲ್ಲಿದ್ದ ಹಾರ್ಟ್‌ಬ್ಲೀಡ್ ದೋಷ ಬಯಲಾಯಿತು. ಸರ್ವರ್‌ನ ಮೆಮೊರಿಯಿಂದ ಒಂದು ಸಲಕ್ಕೆ 64 ಕಿಲೋಬೈಟ್‌ವರೆಗಿನ ತುಣುಕನ್ನು ಹೊರಗಿನವರು ಯಾರು ಬೇಕಾದರೂ, ಎಷ್ಟು ಸಲ ಬೇಕಾದರೂ ಕಿತ್ತುಕೊಳ್ಳಬಹುದಿತ್ತು. ಆ ತುಣುಕಿನಲ್ಲಿ ಪಾಸ್‌ವರ್ಡ್ ಇರಬಹುದು, ಸರ್ವರ್‌ನ ಖಾಸಗಿ ಕೀಲಿಯೇ ಇರಬಹುದು. ಡೆಬಿಯನ್ ತಂಡ ತಡಮಾಡದೆ ತಿದ್ದಿದ ಪ್ಯಾಕೇಜ್ ಬಿಡುಗಡೆ ಮಾಡಿತು. ಅದರ ಬೆನ್ನಿಗೇ ಅದೇ ಸುರಕ್ಷತಾ ಪ್ರಕಟಣೆಯ ಪರಿಷ್ಕೃತ ರೂಪ ಬಂತು. ದೋಷಕ್ಕೆ ಹೊಸ ತಿದ್ದುಪಡಿಯೇನೂ ಅದರಲ್ಲಿರಲಿಲ್ಲ. ಓಪನ್‌ಎಸ್‌ಎಸ್‌ಎಲ್ ಬಳಸುವ ಕೆಲವು ಸರ್ವಿಸ್‌ಗಳು ಆ ಯಂತ್ರದಲ್ಲಿ ಓಡುತ್ತಿವೆಯೇ ಎಂದು ನೋಡಿ, ‘ಇವನ್ನು ರೀಸ್ಟಾರ್ಟ್ ಮಾಡಲೇ?’ ಎಂದು ಅಪ್‌ಡೇಟ್ ಹೊತ್ತಿನಲ್ಲೇ ಕೇಳುವ ವ್ಯವಸ್ಥೆಯನ್ನು ಅದರಲ್ಲಿ ಸೇರಿಸಿದ್ದರು.

ಹೊಸ ಲೈಬ್ರರಿ ಡಿಸ್ಕಿನಲ್ಲಿ ಬಂದು ಕೂತಿದ್ದರೂ ವೆಬ್ ಸರ್ವರ್, ಮೇಲ್ ಸರ್ವರ್‌ಗಳು ಹಳೆಯದನ್ನೇ ಹಿಡಿದುಕೊಂಡು ಓಡುತ್ತಿದ್ದವು. ಪ್ಯಾಕೇಜ್ ಪಟ್ಟಿ ತೆಗೆದು ನೋಡಿದರೆ ಎಲ್ಲ ಸರಿಯಾಗಿದೆ ಎಂದೇ ಕಾಣುತ್ತದೆ. ಪ್ಯಾಕೇಜ್ ಆವೃತ್ತಿಯನ್ನಷ್ಟೇ ಹೋಲಿಸುವ ಸುರಕ್ಷತಾ ಸ್ಕ್ಯಾನರ್ ಕೂಡ ಹಸಿರು ಗುರುತು ಹಾಕಿ ಮುಂದೆ ಹೋಗುತ್ತದೆ. ತೂತು ಮಾತ್ರ ಹಾಗೇ ಇರುತ್ತದೆ.

ಪ್ಯಾಕೇಜ್ ಹಾಕಿದ್ದಾಯಿತು ಎನ್ನುವುದಕ್ಕೂ ದೋಷ ಹೋಯಿತು ಎನ್ನುವುದಕ್ಕೂ ನಡುವಿನ ಈ ಅಂತರವನ್ನು ಪತ್ತೆಹಚ್ಚಲು ಲಿನಕ್ಸ್ ಲೋಕದಲ್ಲಿ ಹತ್ತಾರು ಉಪಾಯಗಳು ಹುಟ್ಟಿವೆ. ಅವು ಏನನ್ನು ನೋಡುತ್ತವೆ, ಎಲ್ಲಿ ಕುರುಡಾಗುತ್ತವೆ ಎಂಬುದನ್ನು ಒಟ್ಟಾಗಿ ಇಟ್ಟು ನೋಡುವುದು ಇಲ್ಲಿನ ಉದ್ದೇಶ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಹಳೆಯ ಫೈಲನ್ನು ಹಿಡಿದ ಕೊನೆಯ ಪ್ರೋಸೆಸ್ ನಿಲ್ಲುವವರೆಗೂ ಅಪ್‌ಡೇಟ್ ಮುಗಿದಿಲ್ಲ ಎಂದೇ ಲೆಕ್ಕ. ಮುಗಿದಿದೆಯೇ ಎಂದು ಪೂರ್ತಿಯಾಗಿ ಹೇಳಬಲ್ಲ ಒಂದೇ ಒಂದು ಸಾಧನ ಇವತ್ತಿಗೂ ಇಲ್ಲ.

ಇದರ ಬೇರು ಯುನಿಕ್ಸ್‌ನ ಮೂಲ ವಿನ್ಯಾಸದಲ್ಲಿದೆ. ನಾವು ಫೈಲ್ ಎಂದು ಕರೆಯುವುದರಲ್ಲಿ ಎರಡು ಭಾಗಗಳಿವೆ. ಡೈರೆಕ್ಟರಿಯಲ್ಲಿ ಬರೆದಿರುವ ಹೆಸರು ಒಂದು; ಆ ಹೆಸರು ತೋರಿಸುವ ಐನೋಡ್ ಇನ್ನೊಂದು. ಮಾಹಿತಿಯೆಲ್ಲ ಇರುವುದು ಐನೋಡ್ ಕಡೆ. ಫೈಲ್ ಅಳಿಸುವುದೆಂದರೆ ಹೆಸರನ್ನು ತೆಗೆಯುವುದು, ಅಷ್ಟೇ. ಆ ಐನೋಡ್‌ಗೆ ಒಂದು ಹೆಸರೂ ಉಳಿಯದೆ, ಅದನ್ನು ತೆರೆದುಕೊಂಡ ಒಂದು ಪ್ರೋಸೆಸ್ಸೂ ಉಳಿಯದೆ ಹೋದಾಗ ಮಾತ್ರ ಕರ್ನಲ್ ಅದನ್ನು ನಿಜವಾಗಿ ಬಿಡುಗಡೆ ಮಾಡುತ್ತದೆ. ಪಹಣಿಯಿಂದ ಹೆಸರು ತೆಗೆದ ಮಾತ್ರಕ್ಕೆ ಹೊಲದಲ್ಲಿ ಉಳುತ್ತಿರುವವನು ಎದ್ದು ಹೋಗುವುದಿಲ್ಲವಲ್ಲ, ಹಾಗೆ.

ಈ ಗುಣವನ್ನು ಪ್ಯಾಕೇಜ್ ಮ್ಯಾನೇಜರ್‌ಗಳು ಬೇಕೆಂದೇ ಬಳಸಿಕೊಳ್ಳುತ್ತವೆ. ಡೆಬಿಯನ್ ಕಡೆಯ ಡಿಪಿಕೆಜಿ ಆಗಲಿ, ರೆಡ್ ಹ್ಯಾಟ್ ಕಡೆಯ ಆರ್‌ಪಿಎಂ ಆಗಲಿ, ಹಳೆಯ ಫೈಲಿನ ಮೇಲೆಯೇ ಹೊಸದನ್ನು ಬರೆಯುವುದಿಲ್ಲ. ಪಕ್ಕದಲ್ಲಿ ತಾತ್ಕಾಲಿಕ ಹೆಸರಿನಲ್ಲಿ ಹೊಸ ಫೈಲ್ ಬರೆದು, ಆಮೇಲೆ ಒಂದೇ ಏಟಿಗೆ ಅದಕ್ಕೆ ಹಳೆಯದರ ಹೆಸರು ಕೊಡುತ್ತವೆ. ಹೀಗೆ ಮಾಡದೆ ಯಾರಾದರೂ ಓಡುತ್ತಿರುವ ಲೈಬ್ರರಿಯ ಮೇಲೆ ನೇರವಾಗಿ ಹೊಸ ಪ್ರತಿ ಕಾಪಿ ಮಾಡಿದರೆ ಅದನ್ನು ಬಳಸುತ್ತಿರುವ ಪ್ರೋಸೆಸ್‌ಗಳು ಕಾಲಡಿಯ ನೆಲ ಜಾರಿ ಬೀಳುತ್ತವೆ. ಓಡುತ್ತಿರುವ ಪ್ರೋಗ್ರಾಂ ಫೈಲಿಗೆ ಬರೆಯಲು ಹೋದರೆ ಕರ್ನಲ್ ತಡೆಯುತ್ತದೆ, ಆದರೆ ಲೈಬ್ರರಿಗಳಿಗೆ ಆ ಕಾವಲು ಇಲ್ಲ. ಆದ್ದರಿಂದ ಹೆಸರು ಬದಲಿಸುವ ದಾರಿಯೇ ಸರಿಯಾದ ದಾರಿ. ವಿಂಡೋಸ್‌ನಲ್ಲಿ ಬಳಕೆಯಲ್ಲಿರುವ ಫೈಲನ್ನು ಬದಲಿಸಲು ಎಷ್ಟೋ ಸಲ ರೀಬೂಟ್ ತನಕ ಕಾಯಬೇಕಾದರೆ, ಲಿನಕ್ಸ್‌ನಲ್ಲಿ ಸರ್ವರ್ ನಡೆಯುತ್ತಿರುವಾಗಲೇ ಎಲ್ಲವನ್ನೂ ಬದಲಿಸಿಬಿಡಬಹುದು. ಆ ಸೌಲಭ್ಯಕ್ಕೆ ತೆರುವ ಬೆಲೆ, ಮೆಮೊರಿಯಲ್ಲಿ ಉಳಿದುಬಿಡುವ ಹಳೆಯ ಪ್ರತಿ.

ಒಳ್ಳೆಯ ಸಂಗತಿಯೆಂದರೆ ಕರ್ನಲ್ ಇದನ್ನು ಮುಚ್ಚಿಡುವುದಿಲ್ಲ. ಪ್ರೋಕ್ ಡೈರೆಕ್ಟರಿಯಲ್ಲಿ ಪ್ರತಿ ಪ್ರೋಸೆಸ್‌ಗೂ ಅದರ ನಂಬರಿನದೇ ಒಂದು ಡೈರೆಕ್ಟರಿ ಇರುತ್ತದೆ. ಅದರೊಳಗಿನ ಮ್ಯಾಪ್ಸ್ ಎಂಬ ಫೈಲ್ ತೆರೆದರೆ, ಆ ಪ್ರೋಸೆಸ್ ತನ್ನ ಮೆಮೊರಿಗೆ ಏನೇನು ತಂದುಕೊಂಡಿದೆ ಎಂಬುದರ ಪಟ್ಟಿ ಸಾಲುಸಾಲಾಗಿ ಕಾಣುತ್ತದೆ. ಸಾಲಿನ ಮೊದಲಿಗೆ ಮೆಮೊರಿ ವಿಳಾಸದ ಆರಂಭ ಮತ್ತು ಕೊನೆ, ಆಮೇಲೆ ಓದಬಹುದೇ ಬರೆಯಬಹುದೇ ಓಡಿಸಬಹುದೇ ಎಂಬ ಅನುಮತಿ, ಫೈಲಿನೊಳಗೆ ಎಲ್ಲಿಂದ ಎಂಬ ಲೆಕ್ಕ, ಡಿವೈಸ್ ನಂಬರು, ಐನೋಡ್ ನಂಬರು, ಕೊನೆಗೆ ಫೈಲಿನ ಪೂರ್ತಿ ಹೆಸರು. ಹೆಸರು ಅಳಿದುಹೋಗಿದ್ದರೆ ಅದರ ಮುಂದೆ ಕಂಸದಲ್ಲಿ ‘ಡಿಲೀಟೆಡ್’ ಎಂಬ ಪದ ಇರುತ್ತದೆ. ಮುಖ್ಯ ಪ್ರೋಗ್ರಾಮೇ ಬದಲಾಗಿದ್ದರೆ ಅದೇ ಡೈರೆಕ್ಟರಿಯ ‘ಎಕ್ಸ್‌ಇ’ ಎಂಬ ಲಿಂಕ್ ಕೂಡ ಇದೇ ಮಾತು ಹೇಳುತ್ತದೆ. ತೆರೆದಿಟ್ಟುಕೊಂಡ ಮಿಕ್ಕ ಫೈಲುಗಳ ಲೆಕ್ಕ ‘ಎಫ್‌ಡಿ’ ಡೈರೆಕ್ಟರಿಯಲ್ಲಿದೆ.

ಎಂಜಿನ್‌ಎಕ್ಸ್ ವೆಬ್ ಸರ್ವರ್ ಓಡುತ್ತಿರುವ ಒಂದು ಯಂತ್ರದಲ್ಲಿ ಓಪನ್‌ಎಸ್‌ಎಸ್‌ಎಲ್ ಅಪ್‌ಡೇಟ್ ಆಗಿದೆ ಎಂದುಕೊಳ್ಳಿ. ರೂಟ್ ಆಗಿ ಮಾಸ್ಟರ್ ಪ್ರೋಸೆಸ್‌ನ ಮ್ಯಾಪ್ಸ್ ನೋಡಿದರೆ ಲಿಬ್‌ಎಸ್‌ಎಸ್‌ಎಲ್ ಹೆಸರಿನ ನಾಲ್ಕೈದು ಸಾಲುಗಳು, ಪ್ರತಿಯೊಂದರ ಕೊನೆಗೂ ‘ಡಿಲೀಟೆಡ್’. ಅದೇ ಹೆಸರಿನ ಫೈಲ್ ಡಿಸ್ಕಿನಲ್ಲೂ ಇದೆ. ಅದರ ಐನೋಡ್ ನಂಬರನ್ನು ಎಲ್‌ಎಸ್ ಕಮಾಂಡ್‌ನಿಂದ ತೆಗೆದು ಮ್ಯಾಪ್ಸ್‌ನಲ್ಲಿರುವ ನಂಬರಿನ ಪಕ್ಕ ಇಟ್ಟರೆ ಎರಡೂ ಬೇರೆ. ಈಗ ಎಂಜಿನ್‌ಎಕ್ಸ್‌ಗೆ ರೀಲೋಡ್ ಆದೇಶ ಕೊಡಿ. ಹೊಸ ವರ್ಕರ್‌ಗಳು ಹುಟ್ಟುತ್ತವೆ, ಹಳೆಯವು ತಮ್ಮ ಕೆಲಸ ಮುಗಿಸಿ ಹೋಗುತ್ತವೆ, ಹೊಸ ಪ್ರೋಸೆಸ್ ನಂಬರುಗಳೂ ಕಾಣುತ್ತವೆ. ಎಲ್ಲ ಹೊಸದಾಯಿತು ಎಂದು ಯಾರಿಗಾದರೂ ಅನ್ನಿಸುತ್ತದೆ. ಆದರೆ ಹೊಸ ವರ್ಕರ್‌ನ ಮ್ಯಾಪ್ಸ್ ತೆಗೆದು ನೋಡಿ: ಅದೇ ಹಳೆಯ ಐನೋಡ್, ಅದೇ ‘ಡಿಲೀಟೆಡ್’. ಏಕೆಂದರೆ ಮಾಸ್ಟರ್ ಎದ್ದು ಹೋಗಿಲ್ಲ. ತನ್ನದೇ ಮೆಮೊರಿಯ ನಕಲಿನಿಂದ ಅದು ಮಕ್ಕಳನ್ನು ಹುಟ್ಟಿಸಿದೆ. ರೀಲೋಡ್‌ನಿಂದ ಬದಲಾಗುವುದು ಕಾನ್ಫಿಗರೇಶನ್. ಲೈಬ್ರರಿ ಬದಲಾಗಬೇಕಾದರೆ ಪೂರ್ತಿ ರೀಸ್ಟಾರ್ಟ್ ಆಗಬೇಕು, ಇಲ್ಲವೇ ಹೊಸ ಮಾಸ್ಟರನ್ನು ಎಬ್ಬಿಸಿ ಹಳೆಯದನ್ನು ಮೆಲ್ಲಗೆ ಕಳಿಸಿಕೊಡುವ ಎಂಜಿನ್‌ಎಕ್ಸ್‌ನದೇ ಸಿಗ್ನಲ್ ಕ್ರಮವನ್ನು ಬಳಸಬೇಕು. ರೀಲೋಡ್ ಮಾಡಿದೆವಲ್ಲ ಎಂಬ ನೆಮ್ಮದಿಯಲ್ಲಿ ಹಳೆಯ ಲೈಬ್ರರಿಯನ್ನು ತಿಂಗಳುಗಟ್ಟಲೆ ಓಡಿಸುವುದು ಈ ಕ್ಷೇತ್ರದ ಅತಿ ಸಾಮಾನ್ಯ ಅಪಾಯ ಎಂಬುದು ನನ್ನ ಖಚಿತ ಅಭಿಪ್ರಾಯ.

‘ಡಿಲೀಟೆಡ್’ ಎಂಬ ಪದ ಕಂಡಲ್ಲೆಲ್ಲ ಗಾಬರಿಯಾಗಬೇಕಿಲ್ಲ. ಹುಟ್ಟುವಾಗಲೇ ಹೆಸರಿಲ್ಲದ ಮೆಮೊರಿ ತುಣುಕುಗಳೂ ಇದೇ ಗುರುತು ಹೊತ್ತಿರುತ್ತವೆ. ಪ್ರೋಸೆಸ್‌ಗಳು ಹಂಚಿಕೊಳ್ಳುವ ಹೆಸರಿಲ್ಲದ ಮೆಮೊರಿ ‘ದೇವ್ ಜೀರೋ’ ಹೆಸರಿನಲ್ಲಿ ಡಿಲೀಟೆಡ್ ಎಂದು ಕಾಣುತ್ತದೆ. ಹಳೆಯ ಸಿಸ್ಟಂ ಫೈವ್ ಶೇರ್ಡ್ ಮೆಮೊರಿಯೂ ಹಾಗೇ. 2014ರಲ್ಲಿ ಕರ್ನಲ್‌ಗೆ ಬಂದ ಮೆಮ್‌ಎಫ್‌ಡಿ ಎಂಬ ಸೌಲಭ್ಯವನ್ನು ಡೆಸ್ಕ್‌ಟಾಪ್ ಪ್ರೋಗ್ರಾಂಗಳು ಧಾರಾಳವಾಗಿ ಬಳಸುತ್ತವೆ, ಅವೂ ಸದಾ ಡಿಲೀಟೆಡ್. ಆದ್ದರಿಂದ ಬರೀ ಆ ಪದಕ್ಕೆ ಗ್ರೆಪ್ ಮಾಡಿದರೆ ನೂರಾರು ಸಾಲು ಬಂದು ತಲೆ ಕೆಡುತ್ತದೆ. ಓಡಿಸುವ ಅನುಮತಿ ಇರುವ ಸಾಲುಗಳನ್ನು ಮಾತ್ರ ಆರಿಸಿಕೊಂಡು, ಅದರಲ್ಲೂ ಲೈಬ್ರರಿ ಮತ್ತು ಪ್ರೋಗ್ರಾಂ ಇರುವ ಡೈರೆಕ್ಟರಿಗಳಿಗೆ ಸೀಮಿತಗೊಳಿಸಿದರೆ ಕಾಳು ಉಳಿದು ಹೊಟ್ಟು ಹಾರುತ್ತದೆ. ಒಂದು ಫೈಲಿನ ನಿಜವಾದ ಹೆಸರೇ ‘ಡಿಲೀಟೆಡ್’ ಎಂದು ಮುಗಿದರೆ ಏನು ಮಾಡುವುದು? ಮ್ಯಾಪ್ಸ್ ಕುರಿತ ಕೈಪಿಡಿ ಪುಟವೇ ಈ ಗೊಂದಲವನ್ನು ಒಪ್ಪಿಕೊಂಡು ಬರೆದಿದೆ. ಪದವನ್ನು ನಂಬುವ ಬದಲು ಡಿವೈಸ್ ಮತ್ತು ಐನೋಡ್ ನಂಬರನ್ನು ಹೋಲಿಸುವುದು ಗಟ್ಟಿಯಾದ ವಿಧಾನ, ಆದರೆ ಅದಕ್ಕೂ ಅಡ್ಡಿಯಿದೆ. ಬಿಟಿಆರ್‌ಎಫ್‌ಎಸ್ ಫೈಲ್ ಸಿಸ್ಟಂನಲ್ಲಿ ಮ್ಯಾಪ್ಸ್ ತೋರಿಸುವ ಡಿವೈಸ್ ನಂಬರಿಗೂ ಸ್ಟ್ಯಾಟ್ ಕಮಾಂಡ್ ತೋರಿಸುವುದಕ್ಕೂ ತಾಳೆಯಾಗದೆ, ಹೋಲಿಸುವ ಸಾಧನಗಳು ದಾರಿ ತಪ್ಪುತ್ತವೆ.

ಸಾಧನಗಳಲ್ಲಿ ಹಿರಿಯದು ಎಲ್‌ಎಸ್‌ಒಎಫ್. ಪರ್ಡ್ಯೂ ವಿಶ್ವವಿದ್ಯಾಲಯದ ವಿಕ್ಟರ್ ಏಬೆಲ್ ಬರೆದು ದಶಕಗಳ ಕಾಲ ಪೋಷಿಸಿದ ಈ ಪ್ರೋಗ್ರಾಂ, ತೆರೆದ ಫೈಲುಗಳನ್ನೆಲ್ಲ ಪಟ್ಟಿ ಮಾಡುತ್ತದೆ. ಅದಕ್ಕೆ ‘ಪ್ಲಸ್ ಎಲ್ ಒಂದು’ ಎಂಬ ಆಯ್ಕೆ ಕೊಟ್ಟರೆ ಒಂದೂ ಹೆಸರು ಉಳಿಯದ ಫೈಲುಗಳು ಮಾತ್ರ ಬರುತ್ತವೆ. ಇದರ ಹೆಚ್ಚಿನ ಉಪಯೋಗ ಡಿಸ್ಕ್ ತುಂಬಿದಾಗ. ಹತ್ತಾರು ಗಿಗಾಬೈಟ್ ಲಾಗ್ ಅಳಿಸಿದರೂ ಡಿಎಫ್ ಕಮಾಂಡ್ ‘ಜಾಗ ಇಲ್ಲ’ ಎನ್ನುತ್ತದೆ, ಡಿಯು ಕಮಾಂಡ್ ‘ಇಲ್ಲಿ ಅಷ್ಟು ಫೈಲೇ ಇಲ್ಲ’ ಎನ್ನುತ್ತದೆ. ಇಬ್ಬರೂ ಹೇಳುವುದು ನಿಜವೇ. ಅಳಿಸಿದ ಲಾಗನ್ನು ಯಾವುದೋ ಪ್ರೋಸೆಸ್ ಇನ್ನೂ ಹಿಡಿದು ಬರೆಯುತ್ತಿದೆ. ಆ ಪ್ರೋಸೆಸ್‌ನ ಎಫ್‌ಡಿ ಡೈರೆಕ್ಟರಿಯಲ್ಲಿರುವ ಲಿಂಕ್ ಮೂಲಕವೇ ಫೈಲನ್ನು ಖಾಲಿ ಮಾಡಿದರೆ ರೀಸ್ಟಾರ್ಟ್ ಇಲ್ಲದೆ ಜಾಗ ಮರಳಿ ಸಿಗುತ್ತದೆ. ಅಳಿಸಬಾರದ್ದನ್ನು ಅಳಿಸಿದ್ದರೆ ಅದೇ ಲಿಂಕ್‌ನಿಂದ ಕಾಪಿ ಮಾಡಿ ಉಳಿಸಿಕೊಳ್ಳಲೂ ಬಹುದು. ಓಡಿದ ಕೂಡಲೇ ತನ್ನ ಫೈಲನ್ನು ತಾನೇ ಅಳಿಸಿಕೊಳ್ಳುವ ದುಷ್ಟ ಪ್ರೋಗ್ರಾಂಗಳನ್ನು ತನಿಖೆಗಾರರು ಎಕ್ಸ್‌ಇ ಲಿಂಕ್‌ನಿಂದಲೇ ಹೊರತೆಗೆಯುತ್ತಾರೆ.

ಎಲ್‌ಎಸ್‌ಒಎಫ್ ಕಚ್ಚಾ ಸುದ್ದಿ ಕೊಡುತ್ತದೆಯೇ ಹೊರತು ಯಾವ ಸರ್ವಿಸ್ ರೀಸ್ಟಾರ್ಟ್ ಮಾಡಬೇಕು ಎಂದು ಹೇಳುವುದಿಲ್ಲ. ಆ ಕೆಲಸಕ್ಕೆ ಡೆಬಿಯನ್‌ನಲ್ಲಿ ಡೆಬಿಯನ್-ಗುಡೀಸ್ ಪ್ಯಾಕೇಜಿನೊಳಗಿನ ಚೆಕ್‌ರೀಸ್ಟಾರ್ಟ್ ಬಂತು. ಜೆಂಟೂ ಬಳಗದವರಿಗೆ ಲಿಬ್-ಯೂಸರ್ಸ್ ಎಂಬ ಪುಟ್ಟ ಸಾಧನವಿದೆ. ಪ್ರೋಕ್ ಸುತ್ತಿ, ಅಳಿದ ಲೈಬ್ರರಿ ಹಿಡಿದವರ ಹೆಸರು ಹೇಳುವುದಷ್ಟೇ ಅದರ ಕೆಲಸ. ಓಪನ್‌ಸೂಸೆಯಲ್ಲಿ ಜಿಪ್ಪರ್ ಅಪ್‌ಡೇಟ್ ಮುಗಿಸಿದ ಮೇಲೆ, ಅಳಿದ ಫೈಲುಗಳನ್ನು ಬಳಸುತ್ತಿರುವ ಪ್ರೋಗ್ರಾಂಗಳಿವೆ, ‘ಜಿಪ್ಪರ್ ಪಿಎಸ್’ ಓಡಿಸಿ ನೋಡಿ ಎಂದು ತಾನೇ ನೆನಪಿಸುತ್ತದೆ. ಕೇಳದೆಯೇ ಎಚ್ಚರಿಸುವ ಈ ಗುಣ ನನಗೆ ಬಹಳ ಮೆಚ್ಚುಗೆ. ಸಾಧನ ಎಷ್ಟೇ ಚೆನ್ನಾಗಿದ್ದರೂ ನೆನಪಿಟ್ಟು ಓಡಿಸಬೇಕಾದರೆ ಅರ್ಧ ಜನ ಓಡಿಸುವುದಿಲ್ಲ.

ರೆಡ್ ಹ್ಯಾಟ್ ಕುಟುಂಬದ ‘ನೀಡ್ಸ್-ರೀಸ್ಟಾರ್ಟಿಂಗ್’ ಬೇರೆ ಹಾದಿ ಹಿಡಿದಿದೆ. ಪ್ರೋಸೆಸ್ ಬಳಸುವ ಫೈಲು ಯಾವ ಪ್ಯಾಕೇಜಿನದು, ಆ ಪ್ಯಾಕೇಜ್ ಯಾವಾಗ ಇನ್‌ಸ್ಟಾಲ್ ಆಯಿತು, ಪ್ರೋಸೆಸ್ ಶುರುವಾದದ್ದು ಅದಕ್ಕೂ ಮೊದಲೇ ಎಂದು ಅದು ಹೊತ್ತುಗಳನ್ನು ಹೋಲಿಸುತ್ತದೆ. ‘ಆರ್’ ಆಯ್ಕೆ ಕೊಟ್ಟರೆ ಕರ್ನಲ್, ಗ್ಲಿಬ್‌ಸಿ, ಸಿಸ್ಟಂಡಿಯಂಥ ಮೂಲ ಪ್ಯಾಕೇಜ್‌ಗಳು ಬೂಟ್ ಆದಮೇಲೆ ಬದಲಾಗಿವೆಯೇ ಎಂದು ನೋಡಿ, ಪೂರ್ತಿ ರೀಬೂಟ್ ಬೇಕೋ ಬೇಡವೋ ಹೇಳುತ್ತದೆ. ಬೇಕಾದರೆ ಅದರ ಎಕ್ಸಿಟ್ ಕೋಡ್ 1. ಸ್ಕ್ರಿಪ್ಟ್ ಬರೆಯುವವರಿಗೆ ಇದು ದೊಡ್ಡ ಅನುಕೂಲ. ಟ್ರೇಸರ್ ಎಂಬ ಇನ್ನೊಂದು ಸಾಧನವೂ ಪ್ಯಾಕೇಜ್ ಇತಿಹಾಸ ಮತ್ತು ಪ್ರೋಸೆಸ್ ಶುರುವಾದ ಹೊತ್ತನ್ನೇ ಆಧರಿಸಿದೆ. ಹೊತ್ತಿನ ಹೋಲಿಕೆಗೆ ‘ಡಿಲೀಟೆಡ್’ ಗುರುತಿನ ಗೊಂದಲವಿಲ್ಲ. ಆದರೆ ಪ್ಯಾಕೇಜ್ ಮ್ಯಾನೇಜರ್ ಮೂಲಕ ಬಾರದ, ಕೈಯಾರೆ ಕಟ್ಟಿ ಹಾಕಿದ ಲೈಬ್ರರಿ ಅದಕ್ಕೆ ಲೆಕ್ಕಕ್ಕೇ ಇಲ್ಲ. ಯಂತ್ರದ ಗಡಿಯಾರ ಹಿಂದುಮುಂದಾಗಿದ್ದರೆ ಉತ್ತರವೂ ಹಿಂದುಮುಂದು.

ಈಗ ಹೆಚ್ಚು ಬಳಕೆಯಲ್ಲಿರುವುದು ಥಾಮಸ್ ಲಿಸ್ಕೆ ಅವರು ಪರ್ಲ್‌ನಲ್ಲಿ ಬರೆದ ನೀಡ್‌ರೀಸ್ಟಾರ್ಟ್. ಉಬುಂಟು ಸರ್ವರ್‌ನಲ್ಲಿ 21.04ರಿಂದ ಅದು ತಾನಾಗಿಯೇ ಇರುತ್ತದೆ. ಅಪ್‌ಡೇಟ್ ಕೊನೆಗೆ ಪರದೆ ತುಂಬ ಬಂದು ನಿಂತು ಯಾವ ಸರ್ವಿಸ್‌ಗಳನ್ನು ರೀಸ್ಟಾರ್ಟ್ ಮಾಡಲಿ ಎಂದು ಕೇಳುವ ಪೆಟ್ಟಿಗೆಯನ್ನು 22.04 ಬಳಸಿದವರೆಲ್ಲ ಕಂಡಿರುತ್ತಾರೆ. ಮೆಮೊರಿಯಲ್ಲಿರುವ ಹಳೆಯ ಲೈಬ್ರರಿಗಳ ಜೊತೆಗೆ ಕರ್ನಲ್ ಹಳೆಯದೇ, ಸಿಪಿಯು ಮೈಕ್ರೋಕೋಡ್ ಹಳೆಯದೇ ಎಂದೂ ಅದು ನೋಡುತ್ತದೆ. ಡಿ-ಬಸ್, ಲಾಗಿನ್ ವ್ಯವಸ್ಥೆ, ನೆಟ್‌ವರ್ಕ್ ಮ್ಯಾನೇಜರ್‌ಗಳಂಥ ಕಾಲಡಿಯ ಹಲಗೆಗಳನ್ನು ತಾನಾಗಿ ಎತ್ತಿಹಾಕಬಾರದು ಎಂಬ ವಿವೇಕವೂ ಅದರ ಮೂಲ ಸೆಟ್ಟಿಂಗ್‌ನಲ್ಲಿದೆ.

ಈ ಸಾಧನದ ಕಥೆಯಲ್ಲಿ ಒಂದು ಕಹಿ ಅಧ್ಯಾಯವಿದೆ, ಅದನ್ನು ಬಿಟ್ಟು ಸಮೀಕ್ಷೆ ಪೂರ್ತಿಯಾಗದು. ಪೈಥಾನ್, ಪರ್ಲ್, ರೂಬಿಯಲ್ಲಿ ಬರೆದ ಪ್ರೋಗ್ರಾಂಗಳು ತಮ್ಮ ಸೋರ್ಸ್ ಫೈಲನ್ನು ಓದಿ ಮುಚ್ಚಿಬಿಡುತ್ತವೆ. ಮ್ಯಾಪ್ಸ್‌ನಲ್ಲಿ ಅದರ ಸುಳಿವೇ ಉಳಿಯುವುದಿಲ್ಲ. ಅಂಥವನ್ನೂ ಪತ್ತೆಹಚ್ಚಲು ನೀಡ್‌ರೀಸ್ಟಾರ್ಟ್, ಪ್ರೋಸೆಸ್ ಯಾವ ಯಾವ ಡೈರೆಕ್ಟರಿಗಳಿಂದ ಮಾಡ್ಯೂಲ್ ತಂದುಕೊಂಡಿರಬಹುದು ಎಂದು ಲೆಕ್ಕಹಾಕುತ್ತಿತ್ತು. ಅದಕ್ಕಾಗಿ ಆ ಪ್ರೋಸೆಸ್‌ನ ಪರಿಸರದಲ್ಲಿದ್ದ ಪೈಥಾನ್‌ಪಾತ್ ಎಂಬ ಮೌಲ್ಯವನ್ನು ಎತ್ತಿಕೊಂಡು, ತಾನೇ ಪೈಥಾನ್ ಓಡಿಸುತ್ತಿತ್ತು. ಓಡಿಸುತ್ತಿದ್ದದ್ದು ರೂಟ್ ಆಗಿ. ಯಂತ್ರದಲ್ಲಿ ಸಾಮಾನ್ಯ ಖಾತೆ ಇರುವ ಯಾರೇ ಆಗಲಿ, ತನ್ನ ಡೈರೆಕ್ಟರಿಯನ್ನು ಪೈಥಾನ್‌ಪಾತ್‌ನಲ್ಲಿಟ್ಟು ಒಂದು ಪ್ರೋಸೆಸ್ ಓಡಿಸಿ ಕಾದು ಕೂತರೆ ಸಾಕು, ಮುಂದಿನ ಅಪ್‌ಡೇಟ್ ಹೊತ್ತಿಗೆ ಅವನ ಕೋಡ್ ರೂಟ್ ಅಧಿಕಾರದಲ್ಲಿ ಓಡುತ್ತಿತ್ತು. 2014ರಲ್ಲಿ ಬಂದ 0.8 ಆವೃತ್ತಿಯಿಂದ ಇದ್ದ ಈ ದೋಷಗಳನ್ನು ಕ್ವಾಲಿಸ್ ಸಂಸ್ಥೆಯವರು 2024ರ ನವೆಂಬರ್ 19ರಂದು ಬಹಿರಂಗಪಡಿಸಿದರು. ಸಿವಿಇ-2024-48990 ಅವುಗಳಲ್ಲಿ ಮೊದಲನೆಯದು. 3.8 ಆವೃತ್ತಿಯಲ್ಲಿ ತಿದ್ದಲಾಯಿತು. ಸುರಕ್ಷತೆ ಕಾಯಲು ನಿಂತವನೇ ಹತ್ತು ವರ್ಷ ಬಾಗಿಲು ತೆರೆದಿಟ್ಟಿದ್ದ. ಇದರಿಂದ ಸಾಧನವನ್ನೇ ಬಿಸಾಡಬೇಕೆಂದು ನಾನು ಹೇಳುವುದಿಲ್ಲ. ರೂಟ್ ಆಗಿ ಬೇರೆಯವರ ಪ್ರೋಸೆಸ್‌ಗಳನ್ನು ಇಣುಕುವ ಪ್ರೋಗ್ರಾಂ ಓದಬೇಕು, ನಡೆಸಬಾರದು. ಇಣುಕಿದ್ದನ್ನು ತಾನೇ ಓಡಿಸಲು ಹೋದ ಗಳಿಗೆಯಲ್ಲಿ ಅದು ತನ್ನ ಗಡಿ ದಾಟಿತು.

ಮ್ಯಾಪ್ಸ್ ಆಧರಿಸಿದ ಸಾಧನಗಳಿಗೆ ಕಾಣದ ಲೋಕ ಇತ್ತೀಚೆಗೆ ದೊಡ್ಡದಾಗುತ್ತಲೇ ಇದೆ. ಗೋ ಭಾಷೆಯಲ್ಲಿ ಬರೆದ ಪ್ರೋಗ್ರಾಂಗಳು ಸಾಮಾನ್ಯವಾಗಿ ತಮಗೆ ಬೇಕಾದ ಲೈಬ್ರರಿಗಳನ್ನೆಲ್ಲ ತಮ್ಮ ಹೊಟ್ಟೆಯಲ್ಲೇ ಇಟ್ಟುಕೊಂಡಿರುತ್ತವೆ. ಸಿಸ್ಟಂ ಲೈಬ್ರರಿ ಅಪ್‌ಡೇಟ್ ಆದರೆ ಅವಕ್ಕೆ ಏನೂ ಆಗುವುದಿಲ್ಲ; ಮತ್ತೆ ಕಂಪೈಲ್ ಮಾಡಿ ಹಾಕುವವರೆಗೂ ದೋಷ ಇದ್ದಲ್ಲೇ ಇರುತ್ತದೆ, ರೀಸ್ಟಾರ್ಟ್ ಮಾಡಿದರೂ ಅಷ್ಟೇ. ಕಂಟೇನರ್‌ಗಳ ಕಥೆ ಇನ್ನೂ ಗಂಭೀರ. ಡಾಕರ್ ಇಮೇಜ್ ಒಳಗಿನ ಲಿಬ್‌ಎಸ್‌ಎಸ್‌ಎಲ್ ಎರಡು ವರ್ಷ ಹಳೆಯದಾಗಿರಬಹುದು, ಆದರೆ ಅದನ್ನು ಯಾರೂ ಅಳಿಸಿಲ್ಲ, ಬದಲಿಸಿಲ್ಲ. ಕಂಟೇನರ್ ಮಟ್ಟಿಗೆ ಅದೇ ಸರಿಯಾದ ಫೈಲು. ಹೋಸ್ಟ್ ಯಂತ್ರದಲ್ಲಿ ಎಷ್ಟು ಸಲ ನೀಡ್‌ರೀಸ್ಟಾರ್ಟ್ ಓಡಿಸಿದರೂ ಅದರ ಬಗ್ಗೆ ಒಂದು ಮಾತೂ ಬರುವುದಿಲ್ಲ. ಅಲ್ಲಿ ಪರಿಶೀಲಿಸಬೇಕಾದದ್ದು ಇಮೇಜನ್ನು, ಮತ್ತು ಹೊಸ ಇಮೇಜ್ ಕಟ್ಟಿದ ಮೇಲೆ ಹಳೆಯದರಿಂದ ಓಡುತ್ತಿರುವ ಕಂಟೇನರ್‌ಗಳು ಉಳಿದಿವೆಯೇ ಎಂಬುದನ್ನು. ನಿಕ್ಸ್‌ಒಎಸ್‌ನಲ್ಲಿ ಹಳೆಯ ಫೈಲನ್ನು ಬದಲಿಸುವ ಪದ್ಧತಿಯೇ ಇಲ್ಲ. ಪ್ರತಿ ಆವೃತ್ತಿಗೂ ಬೇರೆಯದೇ ಪಾತ್, ಹಳೆಯದು ಕಸ ಗುಡಿಸುವವರೆಗೂ ಅಲ್ಲೇ ಇರುತ್ತದೆ. ಅಲ್ಲಿ ‘ಡಿಲೀಟೆಡ್’ ಹುಡುಕಿ ಪ್ರಯೋಜನವಿಲ್ಲ.

ಓದಿ ಮುಚ್ಚಿದ ಫೈಲುಗಳದ್ದು ಇನ್ನೊಂದು ಗುಂಪು. ಟಿಎಲ್‌ಎಸ್ ಸರ್ಟಿಫಿಕೇಟ್ ಇದರ ಎದ್ದುಕಾಣುವ ಉದಾಹರಣೆ. ನವೀಕರಣ ಸರಿಯಾಗಿ ಆಗಿ ಹೊಸ ಸರ್ಟಿಫಿಕೇಟ್ ಡಿಸ್ಕಿನಲ್ಲಿದ್ದರೂ, ವೆಬ್ ಸರ್ವರ್‌ಗೆ ರೀಲೋಡ್ ಹೇಳದಿದ್ದರೆ ಅವಧಿ ಮುಗಿದ ಹಳೆಯದನ್ನೇ ಅದು ತೋರಿಸುತ್ತಿರುತ್ತದೆ. ಸರ್ಟ್‌ಬಾಟ್‌ನಲ್ಲಿ ಡಿಪ್ಲಾಯ್ ಹುಕ್ ಇಟ್ಟಿರುವುದೇ ಇದಕ್ಕೆ. ಟೈಮ್‌ಝೋನ್ ಮಾಹಿತಿ, ನಂಬಲರ್ಹ ರೂಟ್ ಸರ್ಟಿಫಿಕೇಟ್‌ಗಳ ಪಟ್ಟಿ ಇವೂ ಹೀಗೇ, ಶುರುವಿನಲ್ಲಿ ಒಮ್ಮೆ ಓದಿದ್ದೇ ಕೊನೆತನಕ. ಡಿಎನ್‌ಎಸ್ ಸರ್ವರ್ ವಿಳಾಸವಿರುವ ರೆಸಾಲ್ವ್ ಕಾನ್ಫ್ ಫೈಲನ್ನೂ ಹಿಂದೆ ಹೀಗೇ ಒಮ್ಮೆ ಓದಿ ಬಿಡಲಾಗುತ್ತಿತ್ತು. 2017ರ ಗ್ಲಿಬ್‌ಸಿ 2.26 ಆವೃತ್ತಿಯಿಂದ ಫೈಲ್ ಬದಲಾದರೆ ಲೈಬ್ರರಿಯೇ ಗಮನಿಸಿ ಮತ್ತೆ ಓದುತ್ತದೆ. ಸಮಸ್ಯೆಯನ್ನು ಹುಡುಕುವುದಕ್ಕಿಂತ ಹುಟ್ಟದಂತೆ ಮಾಡುವುದು ಮೇಲು ಎಂಬುದಕ್ಕೆ ಇದು ಚಿಕ್ಕದಾದರೂ ಒಳ್ಳೆಯ ನಿದರ್ಶನ.

ಹಳೆಯದು ಓಡುತ್ತಿರುವುದಷ್ಟೇ ತೊಂದರೆಯಲ್ಲ, ಹಳೆಯದೂ ಹೊಸದೂ ಬೆರೆತುಹೋಗುವುದು ಕೆಲವೊಮ್ಮೆ ಅದಕ್ಕಿಂತ ಕೆಟ್ಟದು. ಫೈರ್‌ಫಾಕ್ಸ್ ತೆರೆದಿರುವಾಗಲೇ ಅಪ್‌ಡೇಟ್ ಆದರೆ ಹೊಸ ಟ್ಯಾಬ್ ತೆರೆದ ಕೂಡಲೇ ರೀಸ್ಟಾರ್ಟ್ ಮಾಡಿ ಎಂಬ ಪುಟ ಬರುವುದು ಇದಕ್ಕೇ: ಮುಖ್ಯ ಪ್ರೋಸೆಸ್ ಹಳೆಯದು, ಟ್ಯಾಬ್‌ಗೆಂದು ಹುಟ್ಟಬೇಕಾದದ್ದು ಹೊಸದು, ಎರಡಕ್ಕೂ ಹೊಂದಿಕೆಯಾಗದು. ಕ್ರೋಮ್ ಶುರುವಿನಲ್ಲೇ ಝೈಗೋಟ್ ಎಂಬ ಪ್ರೋಸೆಸ್ ಇಟ್ಟುಕೊಂಡು, ಮುಂದಿನ ಟ್ಯಾಬ್‌ಗಳನ್ನು ಅದರಿಂದಲೇ ಕವಲೊಡೆಸಿ ಈ ಬೆರಕೆಯನ್ನು ತಪ್ಪಿಸುತ್ತದೆ. ಬಳಕೆದಾರರಿಗೆ ಅದು ಹಿತ, ಆದರೆ ಹಳೆಯ ಬ್ರೌಸರ್ ಸದ್ದಿಲ್ಲದೆ ದಿನಗಟ್ಟಲೆ ಉಳಿಯುವುದಕ್ಕೂ ಅದೇ ಕಾರಣವಾಗಬಹುದು. ಗ್ಲಿಬ್‌ಸಿ ಬದಲಾದಾಗ ಹಳೆಯ ಲೈಬ್ರರಿ ಹಿಡಿದ ಪ್ರೋಸೆಸ್, ಬಳಕೆದಾರರ ಹೆಸರು ಹುಡುಕಲು ಡಿಸ್ಕಿನಿಂದ ಹೊಸ ಎನ್‌ಎಸ್‌ಎಸ್ ಮಾಡ್ಯೂಲ್ ತರಲು ಹೋಗಿ ಎಡವುತ್ತದೆ. ಡೆಬಿಯನ್‌ನ ಗ್ಲಿಬ್‌ಸಿ ಪ್ಯಾಕೇಜ್ ಕೆಲವು ಸರ್ವಿಸ್‌ಗಳನ್ನು ರೀಸ್ಟಾರ್ಟ್ ಮಾಡಲು ಕೇಳುವುದು ಅದಕ್ಕೇ.

ಎಸ್‌ಎಸ್‌ಎಚ್‌ಡಿ ವಿಷಯದಲ್ಲಿ 2024ರ ಜುಲೈನಲ್ಲಿ ನಡೆದದ್ದನ್ನು ಸರ್ವರ್ ನೋಡಿಕೊಳ್ಳುವವರು ನೆನಪಿಡಬೇಕು. ಕೇಳುತ್ತಾ ಕೂತಿರುವ ಎಸ್‌ಎಸ್‌ಎಚ್‌ಡಿ, ಹೊಸ ಸಂಪರ್ಕ ಬಂದಾಗಲೆಲ್ಲ ಡಿಸ್ಕಿನಲ್ಲಿರುವ ತನ್ನ ಪ್ರೋಗ್ರಾಮನ್ನು ಮತ್ತೆ ಓಡಿಸುತ್ತಿತ್ತು. ಓಪನ್‌ಎಸ್‌ಎಸ್‌ಎಚ್ 9.8ರಲ್ಲಿ ಕೇಳುವ ಭಾಗ ಮತ್ತು ಸಂಪರ್ಕ ನಡೆಸುವ ಭಾಗವನ್ನು ಬೇರೆ ಬೇರೆ ಪ್ರೋಗ್ರಾಂ ಮಾಡಿದರು. ಹಳೆಯ ಕೇಳುಗ ಹೊಸ ಪ್ರೋಗ್ರಾಮನ್ನು ಹಳೆಯ ರೀತಿಯಲ್ಲಿ ಕರೆದರೆ ಅದು ಒಪ್ಪುವುದಿಲ್ಲ. ಆದ್ದರಿಂದ ಅಪ್‌ಡೇಟ್ ಮಾಡಿ ಎಸ್‌ಎಸ್‌ಎಚ್‌ಡಿ ರೀಸ್ಟಾರ್ಟ್ ಮಾಡದೆ ಲಾಗ್‌ಔಟ್ ಆದರೆ ಮತ್ತೆ ಒಳಗೆ ಹೋಗಲು ದಾರಿಯಿಲ್ಲ. ಆರ್ಚ್ ಲಿನಕ್ಸ್ ತಂಡ ಈ ಬಗ್ಗೆ ಪ್ರತ್ಯೇಕ ಎಚ್ಚರಿಕೆಯನ್ನೇ ಪ್ರಕಟಿಸಿತು. ದೂರದ ಡೇಟಾ ಸೆಂಟರ್‌ನಲ್ಲಿರುವ ಯಂತ್ರಕ್ಕೆ ಅದೊಂದೇ ಬಾಗಿಲಾಗಿದ್ದರೆ ಪರಿಸ್ಥಿತಿ ಏನೆಂದು ಬಿಡಿಸಿ ಹೇಳಬೇಕಿಲ್ಲ.

ರೀಸ್ಟಾರ್ಟ್ ಮಾಡಲಾಗದ್ದೂ ಇವೆ. ನಂಬರ್ ಒಂದರ ಪ್ರೋಸೆಸ್ ಆದ ಸಿಸ್ಟಂಡಿಯನ್ನು ನಿಲ್ಲಿಸಲು ಬರುವುದಿಲ್ಲ, ಆದರೆ ‘ಡೀಮನ್ ರೀಎಕ್ಸೆಕ್’ ಆದೇಶ ಕೊಟ್ಟರೆ ತನ್ನ ಲೆಕ್ಕಪತ್ರವನ್ನೆಲ್ಲ ಬರೆದಿಟ್ಟು ಹೊಸ ಪ್ರೋಗ್ರಾಂ ಆಗಿ ಮತ್ತೆ ಹುಟ್ಟುತ್ತದೆ. ಡಿ-ಬಸ್‌ಗೆ ಆ ಅನುಕೂಲ ಇಲ್ಲ. ಅದನ್ನು ಕೆಡವಿದರೆ ಡೆಸ್ಕ್‌ಟಾಪ್ ಸೆಷನ್ ಜೊತೆಗೆ ಬೀಳುತ್ತದೆ. ಕರ್ನಲ್‌ಗೆ 2015ರ 4.0 ಆವೃತ್ತಿಯಿಂದ ಲೈವ್ ಪ್ಯಾಚ್ ಸೌಲಭ್ಯವಿದೆ, ಆದರೆ ಅದು ಆಯ್ದ ದೋಷಗಳಿಗೆ ಹಾಕುವ ತೇಪೆ, ಹೊಸ ಕರ್ನಲ್ ಅಲ್ಲ. 2015ರ ಜನವರಿಯಲ್ಲಿ ಗ್ಲಿಬ್‌ಸಿಯ ಘೋಸ್ಟ್ ದೋಷ ಬಂದಾಗ, ಹೆಚ್ಚುಕಮ್ಮಿ ಎಲ್ಲ ಪ್ರೋಸೆಸ್ಸೂ ಆ ಲೈಬ್ರರಿಯನ್ನೇ ಹಿಡಿದಿರುವುದರಿಂದ, ಒಂದೊಂದನ್ನೇ ಹುಡುಕುವ ಬದಲು ಯಂತ್ರವನ್ನೇ ರೀಬೂಟ್ ಮಾಡುವುದು ಸುಲಭ ಎಂಬ ಸಲಹೆ ಎಲ್ಲೆಡೆ ಕೇಳಿಬಂತು. ಅದು ಸರಿಯಾದ ಸಲಹೆಯೇ. ವರ್ಷಗಟ್ಟಲೆ ರೀಬೂಟ್ ಆಗದ ಸರ್ವರನ್ನು ಹೆಮ್ಮೆಯಿಂದ ತೋರಿಸುವ ಕಾಲ ಹೋಯಿತು. ಅಷ್ಟು ದಿನ ಓಡಿದ ಯಂತ್ರ ಎಷ್ಟು ದೋಷಗಳನ್ನು ಮೆಮೊರಿಯಲ್ಲಿ ಹೊತ್ತಿದೆ ಎಂದು ಕೇಳಬೇಕಾದ ಕಾಲ ಇದು. ಎಲ್ಲ ದೋಷಕ್ಕೂ ಇಷ್ಟೇ ಅವಸರ ಬೇಕಿಲ್ಲ ಎಂಬುದನ್ನೂ ಹೇಳಬೇಕು. 2023ರ ಲೂನಿ ಟ್ಯೂನಬಲ್ಸ್ ದೋಷ, ಪ್ರೋಗ್ರಾಂ ಶುರುವಾಗುವ ಹೊತ್ತಿನಲ್ಲಿ ಡೈನಮಿಕ್ ಲೋಡರ್‌ನಲ್ಲಿ ಬಳಕೆಯಾಗುವಂಥದ್ದು. ಅಂಥದಕ್ಕೆ ಹೊಸ ಪ್ಯಾಕೇಜ್ ಬಂದ ಮೇಲೆ ಶುರುವಾಗುವ ಪ್ರೋಗ್ರಾಂಗಳೆಲ್ಲ ಸುರಕ್ಷಿತ. ಆಗಲೇ ಓಡುತ್ತಿರುವವು ಆ ಹಂತ ದಾಟಿ ಆಗಿದೆ.

ಹಾಗಾದರೆ ಯಾವುದನ್ನು ಆರಿಸಿಕೊಳ್ಳುವುದು? ಡೆಬಿಯನ್, ಉಬುಂಟು ಬಳಸುವವರಿಗೆ ನೀಡ್‌ರೀಸ್ಟಾರ್ಟ್ 3.8 ಅಥವಾ ವಿತರಣೆಯವರು ಅದೇ ತಿದ್ದುಪಡಿ ಸೇರಿಸಿ ಕೊಟ್ಟ ಆವೃತ್ತಿ. ಫೆಡೋರಾ, ರೆಡ್ ಹ್ಯಾಟ್ ಕಡೆ ಡಿಎನ್‌ಎಫ್ ನೀಡ್ಸ್-ರೀಸ್ಟಾರ್ಟಿಂಗ್. ಸೂಸೆಯಲ್ಲಿ ಜಿಪ್ಪರ್ ಪಿಎಸ್. ಅಪ್‌ಡೇಟ್ ತಾನಾಗಿ ಆಗುವ ಯಂತ್ರಗಳಲ್ಲಿ ಇವೂ ಅದರ ಹಿಂದೆಯೇ ತಾನಾಗಿ ಓಡುವಂತೆ ಇಡಬೇಕು. ಕಂಟೇನರ್ ಇಮೇಜ್‌ಗಳಿಗೂ ಗೋ ಪ್ರೋಗ್ರಾಂಗಳಿಗೂ ಬೇರೆ ಲೆಕ್ಕ ಇಡಬೇಕು, ಈ ಸಾಧನಗಳ ಮೌನವನ್ನು ಅಭಯ ಎಂದುಕೊಳ್ಳಬಾರದು. ಸಾಧ್ಯವಿರುವ ಕಡೆ ತಿಂಗಳಿಗೊಮ್ಮೆ, ಮೊದಲೇ ಹೇಳಿ, ರೀಬೂಟ್ ಮಾಡುವುದು ಎಲ್ಲಕ್ಕಿಂತ ಪ್ರಾಮಾಣಿಕ ಉಪಾಯ. ಎರಡು ಯಂತ್ರಗಳನ್ನು ಜೋಡಿಯಾಗಿ ಇಟ್ಟವರಿಗೆ ಅದರಿಂದ ಸೇವೆಯೂ ನಿಲ್ಲುವುದಿಲ್ಲ.

ಸರ್ವರ್ ನಿರ್ವಹಣೆಯ ದಾಖಲೆ ಪುಸ್ತಕ ಇಡುವವರಲ್ಲಿ ನನ್ನದೊಂದು ಕೋರಿಕೆ. ಪ್ಯಾಕೇಜ್ ಹಾಕಿದ ದಿನಾಂಕದ ಪಕ್ಕದಲ್ಲಿ, ಅದನ್ನು ಬಳಸುವ ಸರ್ವಿಸ್ ರೀಸ್ಟಾರ್ಟ್ ಆದ ದಿನಾಂಕಕ್ಕೂ ಒಂದು ಕಾಲಂ ಎಳೆಯಿರಿ. ಎರಡನೆಯ ಕಾಲಂ ಖಾಲಿ ಇರುವ ಸಾಲನ್ನು ಮುಗಿದ ಕೆಲಸ ಎಂದು ಸಹಿ ಹಾಕಬೇಡಿ.